ಕಂಪ್ಯೂಟರಿನೊಳಗಿನ ಮರಳು ದಿಬ್ಬ

ದೋಹಾದ ದಕ್ಷಿಣಕ್ಕೆ, ಸೌದಿ ಗಡಿಯ ಬಳಿಯ ಖೋರ್ ಅಲ್ ಅದೈದ್‌ನಲ್ಲಿ ಮರಳುಗಾಡು ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಸಿನಿಮಾ, ಗೇಮ್‌ಗಳಿಗೆ ಬೇಕಾದ ಇಂಥ ನೆಲವನ್ನು ಟೆರಾಜೆನ್, ವರ್ಲ್ಡ್ ಮಷೀನ್, ಹೌಡಿನಿ ಮುಂತಾದ ಸಾಫ್ಟ್‌ವೇರ್‌ಗಳಲ್ಲಿ ಸೃಷ್ಟಿಸುತ್ತಾರೆ.

ಮೊದಲು ಎತ್ತರದ ನಕ್ಷೆ ಬೇಕು: ಬಿಳಿ ಎಂದರೆ ದಿಣ್ಣೆ, ಕಪ್ಪು ಎಂದರೆ ತಗ್ಗು. 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ಗಗನನೌಕೆ ರಾಡಾರ್‌ನಿಂದ ಭೂಮಿಯನ್ನು ಅಳೆದ ಲೆಕ್ಕ ಇಂದು ಉಚಿತವಾಗಿ ಸಿಗುತ್ತದೆ. ಆದರೆ ಅದರಲ್ಲಿ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಸುಮಾರು 30 ಮೀಟರ್ ಅಂತರ. ಸಣ್ಣ ದಿಬ್ಬಗಳು ಆ ಜರಡಿಯಲ್ಲಿ ಸೋರಿಹೋಗುತ್ತವೆ. ಸಾಲದ್ದಕ್ಕೆ, ದಿಬ್ಬಗಳು ಅಂದಿದ್ದಲ್ಲಿ ಇಂದು ಇಲ್ಲ!

ಕೊರತೆ ತುಂಬಲು ಗಣಿತವೇ ಗತಿ. 1980ರ ದಶಕದಲ್ಲಿ ಕೆನ್ ಪರ್ಲಿನ್ ರೂಪಿಸಿದ, ಲೆಕ್ಕದಿಂದಲೇ ಉಬ್ಬುತಗ್ಗು ಮೂಡಿಸುವ ‘ನಾಯ್ಸ್’ ವಿಧಾನ ಬೆಟ್ಟಕ್ಕೂ ಮೋಡಕ್ಕೂ ಚೆನ್ನಾಗಿ ಒಗ್ಗುತ್ತದೆ. ಮರಳಿನ ಮುಂದೆ ಮಾತ್ರ ಅದು ಸೋಲುತ್ತದೆ. ಅದರ ಉಬ್ಬುತಗ್ಗು ಎಲ್ಲ ದಿಕ್ಕಿಗೂ ಒಂದೇ ತೆರ. ದಿಬ್ಬಕ್ಕೋ ಮುಖ, ಬೆನ್ನು ಎರಡೂ ಇವೆ. ವಾಯವ್ಯದ ಶಮಾಲ್ ಗಾಳಿಗೆ ಎದುರಾದ ಮುಖ ಓರೆಯಾಗಿ ಏರುತ್ತದೆ. ಬೆನ್ನು ಕಡಿದು, ಸುಮಾರು 34 ಡಿಗ್ರಿ. ಅದನ್ನು ಮೀರಿದರೆ ಮರಳು ಜಾರುತ್ತದೆ. ಹಾಗಾಗಿ ಪಳಗಿದ ಕಲಾವಿದರು ಗಾಳಿಯ ದಿಕ್ಕು, ಜಾರುವ ಕೋನ ಎರಡನ್ನೂ ಕೊಟ್ಟು ಮರಳನ್ನು ಹರಿಯಬಿಡುತ್ತಾರೆ. ಅರ್ಧಚಂದ್ರಾಕಾರದ ಬರ್ಖಾನ್ ದಿಬ್ಬ ತಾನಾಗಿ ಮೂಡುತ್ತದೆ. ಕೈಯಲ್ಲಿ ತಿದ್ದಿದ ದಿಬ್ಬಕ್ಕೆ ಆ ಸಹಜತೆ ಬರುವುದು ಕಷ್ಟ.

ಖೋರ್ ಅಲ್ ಅದೈದ್‌ಗೆ ಹೋದರೆ, ಎದುರಿನ ದಿಬ್ಬದ ಚೂಪು ಏಣನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಮರಳು ಜಾರುವ ಬದಿ ಆಗ್ನೇಯ.