ಬಳ್ಳಿಗಾವಿಯ ದತ್ತಿ, ಕ್ಯಾಸನೂರಿನ ಕಾಡು: ರೋಗಿಯ ಹಕ್ಕು ಮತ್ತು ಹೊಣೆಯ ಚರಿತ್ರೆ

ಆಸ್ಪತ್ರೆಗೆ ಬಂದ ರೋಗಿಗೆ ಚಿಕಿತ್ಸೆಯನ್ನು ಕೇಳಿ ಪಡೆಯುವ ಅಧಿಕಾರವಿದೆ ಎಂಬ ವಿಚಾರವು ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳಲ್ಲಿ ರೂಪುಗೊಂಡದ್ದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಕಾನೂನಿನ ಮಟ್ಟಿಗೆ ಇದು ಸರಿಯಾದರೂ, ದಿಕ್ಕಿಲ್ಲದ ರೋಗಿಗೆ ಸಮಾಜ ಏನು ಕೊಡಬೇಕು, ಅದರ ಖರ್ಚನ್ನು ಯಾರು ಹೊರಬೇಕು, ತಪ್ಪಿದರೆ ಉತ್ತರ ಹೇಳಬೇಕಾದವರು ಯಾರು ಎಂಬ ಪ್ರಶ್ನೆಗಳು ಅದಕ್ಕಿಂತ ಬಹಳ ಹಳೆಯವು. ಅಂಬ್ಲಿಗೊಳ ಜಲಾಶಯದ ಆಸುಪಾಸಿನ ಶಿಕಾರಿಪುರ–ಸೊರಬ ಸೀಮೆಯಲ್ಲಿ ಈ ಪ್ರಶ್ನೆಗಳು ಸುಮಾರು ಎಂಟು ಶತಮಾನಗಳ ಅಂತರದಲ್ಲಿ ಎರಡು ಬಾರಿ ಸ್ಪಷ್ಟವಾಗಿ ಎದುರಾದವು: ಒಮ್ಮೆ ಬಳ್ಳಿಗಾವಿಯ ಕೋಡಿಮಠದಲ್ಲಿ, ಮತ್ತೊಮ್ಮೆ ಕ್ಯಾಸನೂರಿನ ಕಾಡಿನಂಚಿನ ಹಳ್ಳಿಗಳಲ್ಲಿ.

ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯು ಬನವಾಸಿ ಪನ್ನಿರ್ಚ್ಛಾಸಿರವೆಂಬ ಪ್ರಾಂತದ ಪ್ರಮುಖ ಪಟ್ಟಣವಾಗಿದ್ದು, ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡಿದ್ದ ಕೋಡಿಮಠವು ಕಾಳಾಮುಖರ, ಅಂದರೆ ಲಾಕುಳಾಗಮವನ್ನು ಅನುಸರಿಸುತ್ತಿದ್ದ ಶೈವ ಯತಿಪರಂಪರೆಯೊಂದರ, ಕೇಂದ್ರವಾಗಿತ್ತು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ಈ ಮಠವನ್ನು ವರ್ಣಿಸುವಾಗ ನಾಲ್ಕು ವೇದಗಳು, ವ್ಯಾಕರಣಗಳು, ಷಡ್ದರ್ಶನಗಳು, ಪುರಾಣಗಳು ಮತ್ತು ಕಾವ್ಯನಾಟಕಗಳ ಅಧ್ಯಯನವನ್ನು ಮೊದಲು ಹೇಳಿ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು ಮತ್ತು ಬೇರೆ ಬೇರೆ ಪಂಥಗಳ ಸನ್ಯಾಸಿಗಳಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದು ತಿಳಿಸುತ್ತದೆ. ಆ ಸಾಲಿನಲ್ಲೇ, ಅನಾಥರಾದ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವದು, ಸಕಲ ಜೀವಿಗಳಿಗೆ ಅಭಯ ನೀಡುವ ಸ್ಥಾನವದು ಎಂದೂ ದಾಖಲಿಸುತ್ತದೆ. ಹಾಸಿಗೆಗಳೆಷ್ಟು, ವೈದ್ಯರಾರು ಎಂಬ ವಿವರಗಳನ್ನು ಈ ವರ್ಣನೆಯು ಕೊಡುವುದಿಲ್ಲವಾದ್ದರಿಂದ ಇದನ್ನು ಇಂದಿನ ಅರ್ಥದ ಆಸ್ಪತ್ರೆಯೆಂದು ಕರೆಯುವುದು ಅತಿಶಯವಾದೀತು. ಆದರೂ ರೋಗಿಯ ಪಂಥವನ್ನಾಗಲಿ ಕುಲವನ್ನಾಗಲಿ ಎಣಿಸದೆ, ಅವನು ದಿಕ್ಕಿಲ್ಲದವನು ಎಂಬುದೊಂದನ್ನೇ ಅರ್ಹತೆಯಾಗಿ ಅದು ಗಣಿಸಿರುವುದು ಗಮನಾರ್ಹ.

ಈ ಶಾಸನದ ಮಹತ್ವವನ್ನು ಅರಿಯಲು ಅದು ದತ್ತಿಶಾಸನವೆಂಬುದನ್ನು, ಅಂದರೆ ಧರ್ಮಕಾರ್ಯಕ್ಕೆ ಆದಾಯವನ್ನು ಶಾಶ್ವತವಾಗಿ ಬಿಟ್ಟುಕೊಟ್ಟ ದಾಖಲೆಯೆಂಬುದನ್ನು ನೆನಪಿಡಬೇಕು. ದಂಡಯಾತ್ರೆಯ ನಡುವೆ ಬಳ್ಳಿಗಾವಿಗೆ ಬಂದ ಬಿಜ್ಜಳನು, ಬನವಾಸಿಯನ್ನು ಆಳುತ್ತಿದ್ದ ಕಸಪಯ್ಯ ನಾಯಕನ ವಿನಂತಿಯಂತೆ, ಮಠಾಧಿಪತಿಯಾದ ವಾಮಶಕ್ತಿಗೆ ಈ ದತ್ತಿಯನ್ನು ಒಪ್ಪಿಸಿದನು. ಇಂಥ ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಬರುವ ಶಾಪಾಶಯವು, ಎಂದರೆ ದತ್ತಿಯನ್ನು ಕಸಿದುಕೊಂಡವರಿಗೆ ಪಾಪ ತಟ್ಟುವುದೆಂಬ ಎಚ್ಚರಿಕೆಯು, ಮುಂದೆ ಬರುವ ಅರಸರನ್ನೂ ಕಟ್ಟಿಹಾಕುವ ಅಂದಿನ ಉಪಾಯವಾಗಿತ್ತು. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿರುವ, ಹನ್ನೊಂದನೆಯ ಶತಮಾನದ ಚೋಳ ಅರಸ ವೀರರಾಜೇಂದ್ರನ ಶಾಸನವು ಇದೇ ಕ್ರಮವನ್ನು ಇನ್ನೂ ವಿಸ್ತಾರವಾಗಿ ತೋರಿಸುತ್ತದೆ: ಅಲ್ಲಿನ 15 ಹಾಸಿಗೆಗಳ ಆತುರಶಾಲೆಗೆ ವೈದ್ಯ, ಶಸ್ತ್ರವೈದ್ಯ, ಗಿಡಮೂಲಿಕೆ ತರುವವರು ಮತ್ತು ಆರೈಕೆ ಮಾಡುವವರ ವೇತನವನ್ನೂ ದಾಸ್ತಾನಿರಬೇಕಾದ ಔಷಧಗಳ ಹೆಸರುಗಳನ್ನೂ ಕಲ್ಲಿನ ಮೇಲೆಯೇ ನಿಗದಿಪಡಿಸಲಾಗಿತ್ತು. ಆದರೆ ಈ ಎರಡೂ ಕಡೆ ಚಿಕಿತ್ಸೆಯು ದಾನಿಗೆ ಪುಣ್ಯವಾಗಿತ್ತು, ಮಠ ಅಥವಾ ದೇವಾಲಯಕ್ಕೆ ಕರ್ತವ್ಯವಾಗಿತ್ತು. ಅದು ದೊರೆಯದೆ ಹೋದಾಗ ದೂರು ಕೊಡುವ ಸ್ಥಾನದಲ್ಲಿ ರೋಗಿಯು ಇರಲಿಲ್ಲ.

ಮೈಸೂರು ಸಂಸ್ಥಾನದ ಆಡಳಿತದಲ್ಲಿ ಚಿಕಿತ್ಸೆಯ ಹೊಣೆಯು ಮಠಗಳಿಂದ ಸರ್ಕಾರದತ್ತ ಸರಿದು, ಪಟ್ಟಣಗಳಲ್ಲಿ ಸರ್ಕಾರಿ ಆಸ್ಪತ್ರೆಗಳೂ ಡಿಸ್ಪೆನ್ಸರಿಗಳೂ ಬೆಳೆದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು 47ನೆಯ ವಿಧಿಯಲ್ಲಿ ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ರಾಜ್ಯದ ಕರ್ತವ್ಯವೆಂದು ಹೇಳಿತಾದರೂ, ಅದು ನ್ಯಾಯಾಲಯದ ಮೂಲಕ ನೇರವಾಗಿ ಜಾರಿಗೊಳಿಸಲಾಗದ ನಿರ್ದೇಶಕ ತತ್ತ್ವಗಳ ಸಾಲಿಗೆ ಸೇರಿತ್ತು.

ಈ ಹಂತದಲ್ಲಿ, 1957ರ ಮೊದಲ ತಿಂಗಳುಗಳಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರಿಗೆ ತೀವ್ರ ಜ್ವರ, ತಲೆನೋವು, ಮೈಕೈನೋವು ಮತ್ತು ರಕ್ತಸ್ರಾವದ ಲಕ್ಷಣಗಳು ಕಾಣಿಸಿಕೊಂಡವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸನ್ನು ಬೇರ್ಪಡಿಸಿ, ಅದು ಕಾಡಿನ ಉಣುಗುಗಳ ಕಡಿತದಿಂದ ಹರಡುತ್ತದೆಂದು ಕಂಡುಕೊಂಡರು. ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರಿನಿಂದ, ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲದ್ದರಿಂದ, ಬೇಗ ಗುರುತಿಸಿ ಆರೈಕೆ ಮಾಡುವುದೇ ಇಂದಿಗೂ ಉಳಿದಿರುವ ದಾರಿ.

ರೋಗಿಯ ಹಕ್ಕಿನ ಚರಿತ್ರೆಗೆ ಕ್ಯಾಸನೂರು ಸೇರಿಸಿದ್ದು ತಿಳಿಯುವ ಹಕ್ಕಿನ ಪ್ರಶ್ನೆಯನ್ನು. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗಲೇಬೇಕಾದವರಿಗೆ ಆಸ್ಪತ್ರೆಯ ಹಾಸಿಗೆಗಿಂತ ಮೊದಲು ಬೇಕಾದದ್ದು ರೋಗ ಎಲ್ಲಿಂದ ಬರುತ್ತದೆ, ರಕ್ತಪರೀಕ್ಷೆ ಏನು ಹೇಳಿತು, ಕೊಡುವ ಲಸಿಕೆ ಎಷ್ಟರಮಟ್ಟಿಗೆ ಕಾಯುತ್ತದೆ ಎಂಬ ಮಾಹಿತಿ. ಸಂಶೋಧನೆಗೆ ಒಳಗಾಗುವವರ ಅರಿವಿನ ಒಪ್ಪಿಗೆಯನ್ನು, ಎಂದರೆ ವಿಷಯವನ್ನು ತಿಳಿದುಕೊಂಡು ಸ್ವಂತ ಇಚ್ಛೆಯಿಂದ ಕೊಡುವ ಸಮ್ಮತಿಯನ್ನು, ಹೆಲ್ಸಿಂಕಿ ಘೋಷಣೆಯು ವೈದ್ಯ ಜಗತ್ತಿಗೆ ವಿಧಿಸಿದ್ದು 1964ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಈ ಬಗೆಗೆ ನೀತಿಹೇಳಿಕೆಯನ್ನು ಪ್ರಕಟಿಸಿದ್ದು 1980ರಲ್ಲಿ. ದಶಕಗಳ ಕಾಲ ಮಲೆನಾಡಿನಲ್ಲಿ ನೀಡಲಾದ ಮಂಗನ ಕಾಯಿಲೆಯ ಲಸಿಕೆಯನ್ನು, ಅದರ ಸಾಮರ್ಥ್ಯ ಸಾಲದೆಂಬ ಕಾರಣಕ್ಕೆ, 2022ರಲ್ಲಿ ನಿಲ್ಲಿಸಬೇಕಾಗಿ ಬಂದದ್ದು ಈ ಹಕ್ಕಿನ ತೂಕವನ್ನು ತೋರಿಸುತ್ತದೆ. ಏಕೆಂದರೆ ಲಸಿಕೆಯನ್ನು ನಂಬಿ ಕಾಡಿಗೆ ಹೋಗುತ್ತಿದ್ದವರಿಗೆ ಅದರ ಮಿತಿಯ ಅರಿವು ಜೀವದ ಪ್ರಶ್ನೆಯಾಗಿತ್ತು.

ರೋಗಿಯ ಹೊಣೆಯನ್ನೂ ಕ್ಯಾಸನೂರು ಅಷ್ಟೇ ಖಚಿತವಾಗಿ ಕಲಿಸಿತು. ಜ್ವರ ಬಂದವನು ತಾನು ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳದಿದ್ದರೆ ರೋಗವನ್ನು ಶಂಕಿಸುವುದೇ ಕಷ್ಟ. ಸತ್ತ ಮಂಗವನ್ನು ಕಂಡವರು ಸುದ್ದಿ ಮುಟ್ಟಿಸದಿದ್ದರೆ ಇಡೀ ಊರಿಗೆ ಅಪಾಯ. ಕಾಡಿಗೆ ಹೋಗುವ ಮೊದಲು ಉಣುಗು ಕಚ್ಚದಂತೆ ಮೈಗೆ ತೈಲ ಸವರಿಕೊಳ್ಳುವುದು, ಹಿಂದಿರುಗಿದ ಮೇಲೆ ಉಣುಗುಗಳನ್ನು ಹುಡುಕಿ ತೆಗೆದು ಬಿಸಿನೀರಿನಲ್ಲಿ ಸ್ನಾನ ಮಾಡುವುದು ಮನೆಮಂದಿಯ ಪಾಲಿನ ಕೆಲಸ. ಆದರೆ ತೈಲವನ್ನು ಹಳ್ಳಿಗೆ ತಲುಪಿಸದೆ ಸವರಿಕೊಳ್ಳಲಿಲ್ಲವೆಂದು ರೋಗಿಯನ್ನು ದೂರುವುದು ನ್ಯಾಯವಲ್ಲ. ಸರ್ಕಾರ ತನ್ನ ಪಾಲನ್ನು ಪೂರೈಸಿದ ನಂತರವೇ ರೋಗಿಯ ಹೊಣೆಗೆ ಅರ್ಥ ಬರುತ್ತದೆ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೋಗಿಯು ದೂರುದಾರನ ಸ್ಥಾನವನ್ನು ಸ್ಪಷ್ಟವಾಗಿ ಪಡೆದನು. ಸುಪ್ರೀಂ ಕೋರ್ಟು 1995ರಲ್ಲಿ ವಿ. ಪಿ. ಶಾಂತಾ ಪ್ರಕರಣದಲ್ಲಿ ಹಣ ಪಡೆದು ನೀಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. 1996ರಲ್ಲಿ ಪಶ್ಚಿಮ ಬಂಗಾಳದ ಖೇತ್ ಮಜ್ದೂರ್ ಸಮಿತಿಯ ಪ್ರಕರಣದಲ್ಲಿ ಸರ್ಕಾರಿ ಆಸ್ಪತ್ರೆಯು ತುರ್ತು ಚಿಕಿತ್ಸೆ ನೀಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದಿತು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ತಪಾಸಣೆಗೆ ಕೊಟ್ಟ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೂ ಕೊಟ್ಟ ಒಪ್ಪಿಗೆಯೆಂದು ಭಾವಿಸಲಾಗದೆಂದು ಸ್ಪಷ್ಟಪಡಿಸಿತು. ಕರ್ನಾಟಕವು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ 2017ರಲ್ಲಿ ತಿದ್ದುಪಡಿ ತಂದು ರೋಗಿಗಳ ಸನ್ನದನ್ನೂ ಜಿಲ್ಲಾ ಮಟ್ಟದ ದೂರು ಪರಿಹಾರ ವ್ಯವಸ್ಥೆಯನ್ನೂ ಅದರಲ್ಲಿ ಸೇರಿಸಿತು. ಮರುವರ್ಷ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ಸನ್ನದು 17 ಹಕ್ಕುಗಳ ಜೊತೆಗೆ, ವೈದ್ಯರಿಂದ ಮಾಹಿತಿಯನ್ನು ಮುಚ್ಚಿಡದಿರುವುದು, ಸಿಬ್ಬಂದಿಯ ಘನತೆಯನ್ನು ಗೌರವಿಸುವುದು, ಹಿಂಸೆಗಿಳಿಯದಿರುವುದು ಮೊದಲಾದ ಹೊಣೆಗಳನ್ನೂ ಹೇಳಿತು. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಕರ್ನಾಟಕವು 2009ರ ಕಾನೂನಿನಲ್ಲೇ ಶಿಕ್ಷಾರ್ಹವಾಗಿಸಿತ್ತು.

ಈ ಹಕ್ಕುಗಳ ನಡುವೆ ಒಂದು ದೊಡ್ಡ ಬಿರುಕು ಉಳಿದಿದೆ. ಕರ್ನಾಟಕದ ಅಧಿನಿಯಮವು ಹೆಸರೇ ಹೇಳುವಂತೆ ಖಾಸಗಿ ಸಂಸ್ಥೆಗಳಿಗೆ ಸೀಮಿತ. ಶಾಂತಾ ತೀರ್ಪು ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಗಳನ್ನು ಗ್ರಾಹಕ ಕಾನೂನಿನ ಹೊರಗಿಟ್ಟಿತು. ಹೀಗಾಗಿ ಹಣ ತೆತ್ತು ಚಿಕಿತ್ಸೆ ಪಡೆಯುವವನಿಗೆ ಜಿಲ್ಲೆಯಲ್ಲೇ ದೂರಿನ ಬಾಗಿಲುಗಳಿದ್ದರೆ, ಉಚಿತ ಚಿಕಿತ್ಸೆಯನ್ನೇ ನಂಬಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಕೂಲಿಕಾರನಿಗೆ ಸಂವಿಧಾನದ ಭರವಸೆಯೊಂದಿದ್ದರೂ ಅದನ್ನು ದೊರಕಿಸಿಕೊಳ್ಳುವ ಹಾದಿ ಉಚ್ಚ ನ್ಯಾಯಾಲಯದಷ್ಟು ದೂರವಿದೆ. 1162ರ ಶಾಸನವು ಯಾರನ್ನು ಮುಂದಿಟ್ಟುಕೊಂಡು ಬರೆಯಲ್ಪಟ್ಟಿತೋ ಅದೇ ದಿಕ್ಕಿಲ್ಲದ ರೋಗಿಯು ಇಂದಿನ ಕಾನೂನಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತಿದ್ದಾನೆ.

ಬಳ್ಳಿಗಾವಿಯ ವ್ಯವಸ್ಥೆಯಲ್ಲಿ ಚಿಕಿತ್ಸೆಗೆ ಆದಾಯದ ಮೂಲವೂ ಅದನ್ನು ನಡೆಸುವ ಮಠವೂ ಇದ್ದವು, ರೋಗಿಗೆ ಕೇಳುವ ಅಧಿಕಾರವಿರಲಿಲ್ಲ. ಇಂದಿನ ಸನ್ನದುಗಳಲ್ಲಿ ಕೇಳುವ ಅಧಿಕಾರವಿದೆ, ಅದರ ಹಿಂದೆ ಮೀಸಲಾದ ಹಣವೂ ಉತ್ತರ ಹೇಳಬೇಕಾದ ಅಧಿಕಾರಿಯೂ ಎಷ್ಟೋ ಕಡೆ ಕಾಣುವುದಿಲ್ಲ. ಇವೆರಡೂ ಕೂಡಿದಾಗ ಮಾತ್ರ ರೋಗಿಯ ಹಕ್ಕು ನಿಜವಾಗುತ್ತದೆ. ಆದ್ದರಿಂದ ಸರ್ಕಾರಿ ಆಸ್ಪತ್ರೆಗಳನ್ನೂ ಒಳಗೊಳ್ಳುವ ದೂರು ಪರಿಹಾರ ವ್ಯವಸ್ಥೆಯನ್ನು ತಾಲೂಕು ಮಟ್ಟದಲ್ಲಿ ಸ್ಥಾಪಿಸಿ, ಔಷಧಿ ಮತ್ತು ಸಿಬ್ಬಂದಿಗೆ ಬೇಕಾದ ಹಣವನ್ನು ಬೇರೆಡೆಗೆ ತಿರುಗಿಸಲಾಗದಂತೆ ಕಾನೂನಿನಲ್ಲಿ ಕಟ್ಟಿಡುವುದು ರಾಜ್ಯವು ತನ್ನ ಬಡ ರೋಗಿಗಳಿಗೆ ತೀರಿಸಬೇಕಾದ ಋಣವಾಗಿದೆ.