ಉಸಿರಿನ ಶಿಕ್ಷಣವೂ ಗಾಳಿಯ ಚರಿತ್ರೆಯೂ: ಮೈಸೂರು, ಕೋಲಾರ, ಲಗ್ಗೆರೆ

ಉಸಿರಾಟವು ಶರೀರಶಾಸ್ತ್ರಕ್ಕೂ ಪ್ರಾಣಾಯಾಮವು ಯೋಗಶಾಸ್ತ್ರಕ್ಕೂ ಸೇರಿದ ವಿಷಯಗಳೆಂದು ಭಾವಿಸಿ ಚರಿತ್ರಕಾರರು ಇವನ್ನು ಸಾಮಾನ್ಯವಾಗಿ ಇತರರಿಗೆ ಬಿಟ್ಟುಕೊಟ್ಟಿದ್ದಾರೆ. ಆದರೆ ಮೈಸೂರು ಸಂಸ್ಥಾನದ ಕೊನೆಯ ದಶಕಗಳನ್ನು ಪರಿಶೀಲಿಸಿದರೆ, ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ, ಉಸಿರಿನ ಎರಡು ಚರಿತ್ರೆಗಳು ನಡೆದುದು ಕಂಡುಬರುತ್ತದೆ. ಒಂದು ಅರಮನೆಯ ಆಶ್ರಯದಲ್ಲಿ ಬೆಳೆಯಿತು. ಇನ್ನೊಂದು ಗಣಿಯ ಆಳದಲ್ಲಿ. ಇವೆರಡನ್ನೂ ಕೂಡಿಸಿ ಓದದೆ, ಚೆನ್ನಾಗಿ ಉಸಿರಾಡುವುದು ಹೇಗೆಂಬ ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆಯಲಾರದು.

ಮೊದಲು ಉಸಿರಾಟದ ಕ್ರಮವನ್ನು ಸಂಗ್ರಹವಾಗಿ ನೋಡೋಣ. ಶ್ವಾಸಕೋಶಗಳು ತಾವಾಗಿ ಹಿಗ್ಗಲಾರವು. ಎದೆಗೂ ಹೊಟ್ಟೆಗೂ ನಡುವಣ ವಪೆಯು ಕೆಳಕ್ಕಿಳಿದಾಗ ಎದೆಯ ಗೂಡು ವಿಸ್ತಾರವಾಗಿ ಗಾಳಿ ಒಳಸೇರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನು ಪ್ರತಿಸಲ ಸುಮಾರು 500 ಮಿಲಿಲೀಟರು ಗಾಳಿಯನ್ನು ಒಳಗೆಳೆಯುತ್ತಾನೆ. ಅದರಲ್ಲಿ ಸುಮಾರು 150 ಮಿಲಿಲೀಟರು ಶ್ವಾಸನಾಳಗಳಲ್ಲಿಯೇ ಉಳಿದು ರಕ್ತಕ್ಕೆ ಉಪಯೋಗವಾಗುವುದಿಲ್ಲ. ಮಿನಿಟಿಗೆ 16 ಉಸಿರುಗಳಲ್ಲಿ 8 ಲೀಟರು ಗಾಳಿಯನ್ನು ಸೇವಿಸಿದರೆ ವಾಯುಕೋಶಗಳನ್ನು ಮುಟ್ಟುವುದು 5.6 ಲೀಟರು, ಅದೇ 8 ಲೀಟರನ್ನು 6 ದೀರ್ಘ ಉಸಿರುಗಳಲ್ಲಿ ಸೇವಿಸಿದರೆ ಮುಟ್ಟುವುದು ಸುಮಾರು 7.1 ಲೀಟರು. ನಿಧಾನವಾಗಿ, ಆಳವಾಗಿ, ಮೂಗಿನಿಂದ ಉಸಿರಾಡಬೇಕೆಂಬ ಉಪದೇಶಕ್ಕೆ ಹೀಗೆ ಲೆಕ್ಕದ ಆಧಾರವೂ ಉಂಟು.

ಈ ಉಪದೇಶವನ್ನು ಗುರುಶಿಷ್ಯ ಪರಂಪರೆಯ ಹೊರಗೆ ಪಾಠಕ್ರಮವಾಗಿ ಹರಡಿದವರಲ್ಲಿ ಪ್ರಮುಖರು ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ಆರಂಭವಾಯಿತು. 1934ರಲ್ಲಿ ಅವರ ‘ಯೋಗ ಮಕರಂದ’ವು ಕನ್ನಡದಲ್ಲಿ ಪ್ರಕಟವಾಯಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಕ್ಷಯರೋಗದಿಂದ ನರಳಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಇಲ್ಲಿಯ ಶಿಷ್ಯರಾಗಿ, ಮುಂದೆ 1981ರಲ್ಲಿ ಪ್ರಾಣಾಯಾಮವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲೆ, 1950ರಲ್ಲಿ, ಶಾಲೆ ಮುಚ್ಚಿತು. ಅದರ ವಿದ್ಯೆ ಲೋಕವನ್ನೆಲ್ಲ ವ್ಯಾಪಿಸಿತು.

ಇದೇ ಸಂಸ್ಥಾನದ ಪೂರ್ವದಲ್ಲಿ, ಜಾನ್ ಟೇಲರ್ ಕಂಪನಿಯು 1880ರಿಂದ ನಡೆಸಿದ ಕೋಲಾರದ ಚಿನ್ನದ ಗಣಿಗಳಿದ್ದುವು. ಚಿನ್ನವು ಬೆಣಚುಕಲ್ಲಿನಲ್ಲಿ ಅಡಗಿತ್ತು. ಅದನ್ನು ಕೊರೆದಾಗ ಏಳುವ ಸಿಲಿಕಾ ಧೂಳಿನ ಅತಿಸೂಕ್ಷ್ಮ ಕಣಗಳು ಮೂಗಿನ ಕಾವಲನ್ನು ದಾಟಿ ವಾಯುಕೋಶಗಳಲ್ಲಿ ನೆಲೆಸುತ್ತವೆ. ಅಲ್ಲಿಯ ರಕ್ಷಕಕಣಗಳು ಅವನ್ನು ನುಂಗಿ ತಾವೇ ನಾಶವಾಗುತ್ತವೆ. ಮೃದುವಾದ ಅಂಗಾಂಶವು ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. 1940ರ ದಶಕದಲ್ಲಿ ಗಣಿಯ ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯರು ಈ ರೋಗವು ಅವರಲ್ಲಿ ವ್ಯಾಪಕವಾಗಿರುವುದನ್ನು ಕಂಡರು. ಜಗನ್ಮೋಹನ ಅರಮನೆಯಲ್ಲಿ ಪೂರಕ, ಕುಂಭಕ, ರೇಚಕಗಳ ಪಾಠ ನಡೆಯುತ್ತಿದ್ದ ವರ್ಷಗಳೇ ಅವು. ಗಣಿಗಳು 2001ರಲ್ಲಿ ಮುಚ್ಚಿದುವು. ಧೂಳು ತುಂಬಿದ ಎದೆಗಳು ಅದರೊಡನೆ ತೆರವಾಗಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಸಿರು ದೀರ್ಘವಾದಷ್ಟೂ ಗಾಳಿ ವಾಯುಕೋಶಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಧೂಳಿದ್ದರೆ ಅದು ಕೆಳಗಿಳಿದು ಅಂಟಿಕೊಳ್ಳಲು ಅಷ್ಟೇ ಅವಕಾಶವಾಗುತ್ತದೆ. ಶುದ್ಧವಾದ ಗಾಳಿಯಲ್ಲಿ ಗುಣವಾದುದು ಮಲಿನವಾದ ಗಾಳಿಯಲ್ಲಿ ದೋಷವಾಗಬಹುದು. ಪೂರ್ವಿಕರು ಸ್ಥಳದ ವಿಷಯವನ್ನು ಮರೆತಿರಲಿಲ್ಲ. ಸ್ವಾತ್ಮಾರಾಮನ ‘ಹಠಯೋಗ ಪ್ರದೀಪಿಕೆ’ಯು ಪ್ರಾಣಾಯಾಮವನ್ನು ವಿವರಿಸುವುದಕ್ಕೆ ಮೊದಲೇ, ಸಾಧಕನ ಕುಟೀರವು ಸಾರಿಸಿದ, ನಿರ್ಮಲವಾದ ಸ್ಥಳವಾಗಿರಬೇಕೆಂದು ವಿಧಿಸುತ್ತದೆ. ಆಧುನಿಕ ಬೋಧನೆಗಳಲ್ಲಿ ಕ್ರಮವು ಉಳಿದು, ಸ್ಥಳದ ನಿಯಮವು ಹಿಂದೆ ಸರಿದಿದೆ.

ಲಗ್ಗೆರೆಯಂಥ ಊರಿಗೆ ಈ ವಿಚಾರವು ಗತಕಾಲದ್ದಲ್ಲ. 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿಯೇ ಇರುವ ಈ ಊರಿನಿಂದ ಪ್ರತಿದಿನವೂ ಅನೇಕರು ಕಾರ್ಖಾನೆಗಳಿಗೆ ಹೋಗುತ್ತಾರೆ. ಉಜ್ಜುವ, ಎರಕ ಹೊಯ್ಯುವ ಕೆಲಸಗಳಲ್ಲಿ ಧೂಳು ಸಹಜವಾದುದು. ಅದನ್ನು ಹುಟ್ಟುವಲ್ಲಿಯೇ ನೀರಿನಿಂದ ಅಡಗಿಸುವುದು, ಹೊರಕ್ಕೆಳೆಯುವುದು, ತಕ್ಕ ಮುಖಕವಚವನ್ನು ಒದಗಿಸುವುದು ಮಾಲಿಕರ ಕರ್ತವ್ಯ. ಅದು ನೆರವೇರದಿದ್ದಲ್ಲಿ ಉಸಿರಾಟದ ಉಪದೇಶವು ಹೊಣೆಯನ್ನು ಮಾಲಿಕನಿಂದ ಕಾರ್ಮಿಕನಿಗೆ ವರ್ಗಾಯಿಸಿದಂತಾಗುತ್ತದೆ. ಉಸಿರಾಡುವ ಕ್ರಮವನ್ನು ಪ್ರತಿಯೊಬ್ಬನೂ ಕಲಿಯಬಹುದು. ಗಾಳಿಯನ್ನು ಶುದ್ಧವಾಗಿಡುವುದು ಮಾತ್ರ ಸಮಾಜವು ಕೂಡಿ ಮಾಡಬೇಕಾದ ಕಾರ್ಯ. ಮೈಸೂರನ್ನೂ ಕೋಲಾರವನ್ನೂ ಒಟ್ಟಿಗೆ ನೋಡಿದಾಗ ಸಿದ್ಧಿಸುವ ಚಾರಿತ್ರಿಕ ನಿರ್ಣಯವು ಇದೇ.