ಮಕ್ಕಳ ಪರದೆ ಸಮಯದ ಮೇಲೆ ಪೋಷಕರ ಪ್ರಭಾವ

ದೂರದರ್ಶನ, ಮೊಬೈಲ್, ಟ್ಯಾಬ್ಲೆಟ್, ಕಂಪ್ಯೂಟರ್ ಮೊದಲಾದ ಸಾಧನಗಳ ಮುಂದೆ ಮಗು ಕಳೆಯುವ ಒಟ್ಟು ಅವಧಿಯನ್ನು ಪರದೆ ಸಮಯ ಅಥವಾ ಸ್ಕ್ರೀನ್ ಟೈಮ್ ಎನ್ನಲಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಸಾಧನವನ್ನು ಕೊಡುವವರೂ ಹಿಂದಕ್ಕೆ ಪಡೆಯುವವರೂ ಮನೆಯ ಹಿರಿಯರೇ. ಆದ್ದರಿಂದ ಈ ಅವಧಿಯನ್ನು ನಿರ್ಧರಿಸುವಲ್ಲಿ ಪೋಷಕರ ಪಾತ್ರ ಪ್ರಮುಖವಾಗಿದೆ.

ಶಿಫಾರಸುಗಳು

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ವೀಕ್ಷಣೆ ಸೂಕ್ತವಲ್ಲ. 2ರಿಂದ 4 ವರ್ಷದವರಿಗೆ ಅದು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಹ 2ರಿಂದ 5 ವರ್ಷದೊಳಗಿನವರಿಗೆ ಹಿರಿಯರ ಮೇಲ್ವಿಚಾರಣೆಯಲ್ಲಿ ಗರಿಷ್ಠ ಒಂದು ಗಂಟೆಯ ಮಿತಿಯನ್ನು ಸೂಚಿಸಿದೆ.

ಪ್ರಭಾವದ ಬಗೆಗಳು

ಅನುಕರಣೆ: ಮಕ್ಕಳು ಇತರರ ವರ್ತನೆಯನ್ನು ನೋಡಿ ಕಲಿಯುತ್ತಾರೆ ಎಂಬುದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರ ಸಾಮಾಜಿಕ ಕಲಿಕಾ ಸಿದ್ಧಾಂತದ ತಿರುಳು. ಪೋಷಕರು ಹೆಚ್ಚು ಹೊತ್ತು ಪರದೆ ನೋಡುವ ಮನೆಗಳಲ್ಲಿ ಮಕ್ಕಳ ಪರದೆ ಸಮಯವೂ ಹೆಚ್ಚಿರುವುದನ್ನು ಅನೇಕ ಅಧ್ಯಯನಗಳು ಗುರುತಿಸಿವೆ.

ಮಧ್ಯಸ್ಥಿಕೆ: ಸಂಶೋಧಕರು ಪೋಷಕರ ಮಧ್ಯಸ್ಥಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಸಮಯ ಮತ್ತು ವಿಷಯಕ್ಕೆ ಮಿತಿ ಹಾಕುವುದು ನಿರ್ಬಂಧಾತ್ಮಕ ಮಧ್ಯಸ್ಥಿಕೆ. ನೋಡಿದ್ದನ್ನು ಕುರಿತು ಮಗುವಿನೊಡನೆ ಮಾತನಾಡುವುದು ಸಕ್ರಿಯ ಮಧ್ಯಸ್ಥಿಕೆ. ಜೊತೆಯಲ್ಲಿ ಕುಳಿತು ನೋಡುವುದು ಸಹವೀಕ್ಷಣೆ. ಎಳೆಯ ಮಕ್ಕಳು ಪರದೆಯಿಂದ ಕಲಿಯುವುದಕ್ಕಿಂತ ಎದುರಿಗಿರುವ ವ್ಯಕ್ತಿಯಿಂದ ಸುಲಭವಾಗಿ ಕಲಿಯುತ್ತಾರೆ. ಹಿರಿಯರು ಜೊತೆಗಿದ್ದು ವಿವರಿಸಿದಾಗ ಈ ಅಂತರ ಕಡಿಮೆಯಾಗುತ್ತದೆ.

ಮನೆಯ ಪರಿಸರ: ಯಾರೂ ನೋಡದಿದ್ದರೂ ಚಾಲೂ ಇರುವ ಟಿ.ವಿ.ಯು ಮಗುವಿನ ಆಟಕ್ಕೆ ಅಡ್ಡಿಯಾಗುತ್ತದೆ. ಹಿರಿಯರು ಮಗುವಿನೊಡನೆ ಆಡುವ ಮಾತನ್ನೂ ಕಡಿಮೆ ಮಾಡುತ್ತದೆ. ಮಲಗುವ ಕೋಣೆಯಲ್ಲಿ ಸಾಧನಗಳಿದ್ದರೆ ನಿದ್ರೆಯ ಅವಧಿ ಕುಗ್ಗುವ ಸಾಧ್ಯತೆಯಿದೆ.

ಸಾಧನವನ್ನು ಕೊಡುವ ಸಂದರ್ಭಗಳು

ಊಟ ಮಾಡಿಸಲು, ಅಳು ನಿಲ್ಲಿಸಲು ಅಥವಾ ಮನೆಗೆಲಸ ಮುಗಿಯುವವರೆಗೆ ಮಗುವನ್ನು ಸುಮ್ಮನಿರಿಸಲು ಮೊಬೈಲ್ ಕೊಡುವುದು ಸಾಮಾನ್ಯವಾಗಿದೆ. ಪರದೆ ನೋಡುತ್ತಾ ಉಣ್ಣುವ ಮಗು ಹಸಿವು ಮತ್ತು ಹೊಟ್ಟೆ ತುಂಬಿದ ಅರಿವಿನ ಕಡೆಗೆ ಗಮನ ಕೊಡುವುದಿಲ್ಲ. ಅತ್ತಾಗಲೆಲ್ಲ ಸಾಧನ ದೊರೆತರೆ ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಅಭ್ಯಾಸಕ್ಕೆ ಅವಕಾಶ ಕಡಿಮೆಯಾಗುತ್ತದೆ. ಆದರೆ ಈ ಸಂಬಂಧ ಏಕಮುಖವಲ್ಲ: ಹೆಚ್ಚು ಹಟ ಮಾಡುವ ಮಕ್ಕಳ ಕೈಗೆ ಪೋಷಕರು ಹೆಚ್ಚು ಬಾರಿ ಸಾಧನ ಕೊಡುವುದೂ ಉಂಟು.

ಮಿತಿಗಳು

ಪರದೆ ಸಮಯವನ್ನು ಪೋಷಕರ ಇಚ್ಛೆಯೊಂದೇ ನಿರ್ಧರಿಸುವುದಿಲ್ಲ. ದುಡಿಮೆಯ ಅವಧಿ, ಮಗುವನ್ನು ನೋಡಿಕೊಳ್ಳಲು ಬೇರೆಯವರಿಲ್ಲದಿರುವುದು, ಸುರಕ್ಷಿತ ಆಟದ ಜಾಗದ ಕೊರತೆ ಇವೂ ಕಾರಣಗಳಾಗಿವೆ. ಅಜ್ಜ, ಅಜ್ಜಿ ಜೊತೆಗಿರುವ ಮನೆಗಳಲ್ಲಿ ಎಲ್ಲ ಹಿರಿಯರೂ ಒಂದೇ ನಿಯಮ ಪಾಲಿಸದಿದ್ದರೆ ಮಿತಿ ಉಳಿಯುವುದು ಕಷ್ಟ. ಕೋವಿಡ್-19 ಕಾಲದಲ್ಲಿ ತರಗತಿಗಳೇ ಮೊಬೈಲಿಗೆ ಬಂದುದರಿಂದ, ಕಲಿಕೆಗೆ ಬಳಸುವ ಸಮಯ ಮತ್ತು ಮನರಂಜನೆಯ ಸಮಯವನ್ನು ಬೇರ್ಪಡಿಸುವುದು ಅನೇಕ ಕುಟುಂಬಗಳಿಗೆ ಕಠಿಣವಾಯಿತು.

ರೂಢಿಯಲ್ಲಿರುವ ಕ್ರಮಗಳು

* ಊಟದ ಹೊತ್ತಿನಲ್ಲಿ ಮತ್ತು ಮಲಗುವ ಮುನ್ನ ಮನೆಮಂದಿಯೆಲ್ಲ ಪರದೆಯಿಂದ ದೂರವಿರುವುದು.
* ನಿಲ್ಲಿಸುವ ಸಮಯವನ್ನು ಮೊದಲೇ ತಿಳಿಸುವುದು.
* ಪರದೆಯ ಬದಲಿಗೆ ಕಥೆ, ಹಾಡು, ಹೊರಾಂಗಣ ಆಟಗಳಿಗೆ ಅವಕಾಶ ಕಲ್ಪಿಸುವುದು.